ಡಾಪಿವಿರಿನ್ ಉಂಗುರ: ಮಾತ್ರೆ ಮರೆಯುವವರಿಗೆ ಒಳ್ಳೆಯದೇ, ಆದರೆ ಉಂಗುರವೊಂದೇ ಸಾಲದು

ಎಚ್‌ಐವಿ ತಡೆಯುವ ಪ್ರೆಪ್ ಮಾತ್ರೆಯನ್ನು ದಿನಾ ತಪ್ಪದೆ ನುಂಗಿದರೆ ರಕ್ಷಣೆ ಗಟ್ಟಿ. ತೊಡಕಿರುವುದು ಆ ‘ತಪ್ಪದೆ’ಯಲ್ಲಿ. ಖಿನ್ನತೆಯಲ್ಲಿರುವ ಹುಡುಗಿಗೆ ಹಾಸಿಗೆ ಬಿಟ್ಟೇಳುವುದೇ ಕಷ್ಟವಾಗಿರುವಾಗ ಮಾತ್ರೆ ಎಲ್ಲಿ ನೆನಪಾಗಬೇಕು? ಡಬ್ಬಿ ಮನೆಯವರ ಕಣ್ಣಿಗೆ ಬಿದ್ದೀತೆಂಬ ದಿಗಿಲು ಬೇರೆ. ಎಚ್‌ಐವಿ ತಡೆಯುವ ಡಾಪಿವಿರಿನ್ ಔಷಧವಿರುವ ಉಂಗುರವನ್ನು ತಿಂಗಳಿಗೊಂದರಂತೆ ಯೋನಿಯೊಳಗೆ ಹಾಕಿಕೊಂಡರೆ ಇವೆರಡೂ ತಪ್ಪುತ್ತವೆ.

ಇದು ಮೆತ್ತನೆಯ ಸಿಲಿಕೋನ್ ಬಳೆ. ಅಗಲ 56 ಮಿ.ಮೀ., ಒಳಗೆ 25 ಮಿ.ಗ್ರಾಂ ಔಷಧ. ಕೈ ತೊಳೆದುಕೊಂಡು, ಎರಡು ಬೆರಳಲ್ಲಿ ಅದುಮಿ, ಯೋನಿಯೊಳಗೆ ಆದಷ್ಟು ಮೇಲಕ್ಕೆ ತಳ್ಳಬೇಕು. ಒತ್ತಿದಂತಾಗುತ್ತಿದ್ದರೆ ಕೆಳಗೇ ನಿಂತಿದೆ ಎಂದರ್ಥ. ಬೆರಳಲ್ಲಿ ಇನ್ನಷ್ಟು ಸರಿಸಿ. ಗರ್ಭಕೋಶದೊಳಗೆ ಹೋಗಿಬಿಡುತ್ತದೆಂಬ ಭಯ ಬೇಡ, ಆ ಬಾಯಿ ಅಷ್ಟು ಅಗಲವಿಲ್ಲ. ರಕ್ಷಣೆ ಸಿಗಲು 24 ಗಂಟೆ ಬೇಕು. 28 ದಿನ ಮುಟ್ಟಿನಲ್ಲೂ ತೆಗೆಯಬಾರದು; ಹಳೆಯದು ತೆಗೆದ ಕೂಡಲೇ ಹೊಸದು ಹಾಕಬೇಕು. ಚೊಕ್ಕ ಜಾಗದಲ್ಲಿ ಜಾರಿ ಬಿದ್ದರೆ ಶುದ್ಧ ನೀರಲ್ಲಿ ತೊಳೆದು ಮತ್ತೆ ಹಾಕಬಹುದು, ಶೌಚದ ಗುಂಡಿಗೆ ಬಿದ್ದದ್ದನ್ನಲ್ಲ.

ಬಲ ಮಾತ್ರ ಸಾಧಾರಣ. ಎರಡು ದೊಡ್ಡ ಪ್ರಯೋಗಗಳಲ್ಲಿ ಸೋಂಕು ಇಳಿದದ್ದು ಶೇ. 27 ಮತ್ತು ಶೇ. 35ರಷ್ಟು. ಅವುಗಳಲ್ಲೊಂದಾದ ಆಸ್ಪೈರ್‌ನಲ್ಲಿ 18ರಿಂದ 21ರ ವಯಸ್ಸಿನವರಿಗೆ ರಕ್ಷಣೆಯೇ ಕಾಣಲಿಲ್ಲ; ಅವರಲ್ಲಿ ಬಳಕೆಯೂ ಕಡಿಮೆಯಿತ್ತು. ಸಂಭೋಗದಲ್ಲಿ ಉಂಗುರ ಸಂಗಾತಿಯ ಅರಿವಿಗೆ ಬಂದೀತೆಂದು ನಡುವೆ ತೆಗೆದಿಟ್ಟರೆ ಔಷಧದ ಮಟ್ಟ ಬೇಗ ಇಳಿಯುತ್ತದೆ. ಗರ್ಭ, ಬೇರೆ ಲೈಂಗಿಕ ಸೋಂಕು, ಗುದ ಸಂಭೋಗ ಇವಕ್ಕೆ ಉಂಗುರದಿಂದ ರಕ್ಷಣೆಯಿಲ್ಲ, ಕಾಂಡೋಮ್ ಬೇಕೇ ಬೇಕು. ಎಚ್‌ಐವಿ ತಡೆಗೇ ಇರುವ, ಎರಡು ತಿಂಗಳಿಗೊಮ್ಮೆಯ ಕ್ಯಾಬೋಟೆಗ್ರಾವಿರ್ ಚುಚ್ಚುಮದ್ದು ಸಿಗುವಂತಿದ್ದರೆ ನಮ್ಮ ಮತ ಅದಕ್ಕೇ. ಯಾವುದಾದರೂ ಸರಿ, ಶುರು ಮಾಡುವ ಮುನ್ನ ಎಚ್‌ಐವಿ ಪರೀಕ್ಷೆ ಆಗಲೇಬೇಕು.

ಖಿನ್ನತೆ ಇದೆಯೇ ಎಂದು ಕೇಳದೆ ಉಂಗುರ ಕೊಟ್ಟು ಸಾಗಹಾಕುವ ಕೇಂದ್ರಕ್ಕೆ ನಾವು ಅರ್ಧ ಅಂಕವನ್ನೂ ಕೊಡುವುದಿಲ್ಲ. ಆಪ್ತಸಮಾಲೋಚಕಿ ಮೊದಲ ಭೇಟಿಯಲ್ಲೇ, ಬಾಗಿಲು ಹಾಕಿಕೊಂಡು, ಕಳೆದ ಎರಡು ವಾರದ ಬಗ್ಗೆ ಎರಡು ಪ್ರಶ್ನೆ ಕೇಳಬೇಕು: ಯಾವುದರಲ್ಲೂ ಆಸಕ್ತಿ ಇಲ್ಲವೇ, ಮನಸ್ಸು ಕುಗ್ಗಿದೆಯೇ? ಒಂದೊಂದಕ್ಕೆ 0ಯಿಂದ 3 ಅಂಕ. ಒಟ್ಟು 3 ಅಥವಾ ಹೆಚ್ಚಾದರೆ ಒಂಬತ್ತು ಪ್ರಶ್ನೆಗಳ ಪೂರ್ಣ ಪಟ್ಟಿಗೆ ಹೋಗಬೇಕು. ಅದರ ಕೊನೆಯ ಪ್ರಶ್ನೆ ಸಾಯುವ ಯೋಚನೆಯದ್ದು. ಅಲ್ಲಿ ಹೌದೆಂದರೆ ಒಟ್ಟು ಅಂಕ ಎಷ್ಟೇ ಇರಲಿ, ಆಕೆ ಅಂದೇ ವೈದ್ಯರನ್ನು ಕಾಣುವಂತೆ ಮಾಡಬೇಕು.