ಅಡಿಕೆಗೆ ಮದ್ದು ಬಿಡುವ ಮೊದಲು ಗೋಲ್ಡ್‌ಫಿಶ್ ಒಳಗೆ ತರುವವರು ಓದಿ

ನೀರು ಹೆಪ್ಪುಗಟ್ಟುವ ದೇಶಗಳಲ್ಲಿ ಕೊಳದ ಗೋಲ್ಡ್‌ಫಿಶ್‌ಗಳನ್ನು ಚಳಿಗಾಲಕ್ಕೆ ಮನೆಯೊಳಗೆ ತರುವವರಿದ್ದಾರೆ. ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಚಳಿಯ ಹೆದರಿಕೆಯಿಲ್ಲ. ಹೀಟರ್ ತಂದವರು ಅದನ್ನು ಅಟ್ಟಕ್ಕೆ ಹಾಕಬಹುದು. ಇಲ್ಲಿ ತರಬೇಕಾಗುವುದು ಮೇ ಕೊನೆಗೆ, ಅಡಿಕೆಗೆ ಕೊಳೆರೋಗದ ಮೊದಲ ಮದ್ದು ಬಿಡುವ ಹೊತ್ತಿಗೆ. ಆ ಮದ್ದು ಬೋರ್ಡೋ, ಅಂದರೆ 100 ಲೀಟರಿಗೆ 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ. ಆ ತಾಮ್ರ ಮೀನಿಗೆ ವಿಷ, ಮುರಕಲ್ಲು ನೆಲದ, ಖನಿಜ ಕಡಿಮೆಯಿರುವ ಮೆದು ನೀರಿನಲ್ಲಂತೂ ಇನ್ನಷ್ಟು. ಹಾಗಾಗಿ ಒಳಗೆ ತರುವುದು ಸರಿಯೇ. ಆದರೆ ತಂದ ಹತ್ತು ದಿನದೊಳಗೆ ಸಾಯುವ ಮೀನುಗಳು ಮದ್ದಿನಿಂದ ಸಾಯುವುದಲ್ಲ.

ಒಂದು ಮನೆಯಲ್ಲಿ ಆದದ್ದು ಹೀಗೆ. ಅಂಗಳದ ಸಾವಿರ ಲೀಟರಿನ ಟ್ಯಾಂಕಿಯಲ್ಲಿ ಮೂರು ವರ್ಷ ಆರಾಮಾಗಿದ್ದ, ನಾಲ್ಕೈದು ಇಂಚಿನ ಒಂಬತ್ತು ಮೀನು. ಅವನ್ನು ಹಾಕಿದ್ದು 2×1×1 ಅಡಿಯ ಹೊಸ ಗಾಜಿನ ತೊಟ್ಟಿಗೆ. ಅಂಚಿನವರೆಗೆ ತುಂಬಿದರೆ 56 ಲೀಟರ್. ಜಲ್ಲಿ, ಮೇಲಿನ ಖಾಲಿ ಜಾಗ ಕಳೆದರೆ 45. ಹೊಸ ಫಿಲ್ಟರ್, ಬಾವಿಯ ತಿಳಿನೀರು, ನೋಡಲು ಚೆಂದ. ನಾಲ್ಕನೇ ದಿನ ಮೀನುಗಳು ರೆಕ್ಕೆ ಮುದುಡಿಕೊಂಡು ತಳ ಹಿಡಿದವು. ಪರೀಕ್ಷಿಸಿದಾಗ ಪಿಎಚ್ (ನೀರಿನ ಹುಳಿ ಅಳೆಯುವ ಅಂಕ, 7ಕ್ಕಿಂತ ಕೆಳಗಿದ್ದರೆ ಹುಳಿ) 6ರ ಹತ್ತಿರ. ಕಡಿಮೆಯಾಯಿತೆಂದು ಯಾರೋ ಹೇಳಿದರು, ಎರಡು ಚಮಚ ಅಡುಗೆ ಸೋಡ ಬಿತ್ತು. ಬೆಳಿಗ್ಗೆಗೆ ಆರು ಮೀನು ಮೇಲೆ ತೇಲುತ್ತಿದ್ದವು.

ಸೋಡ ವಿಷವಲ್ಲ, ಕೊಂದದ್ದು ಅಮೋನಿಯ. ದಿನಕ್ಕೆ 5 ಗ್ರಾಂ ಆಹಾರ ತಿಂದ ಮೀನುಗಳು ಸುಮಾರು 150 ಮಿಲಿಗ್ರಾಂ ಅಮೋನಿಯ ಬಿಡುತ್ತವೆ. 45 ಲೀಟರಿನಲ್ಲಿ ಅದು ದಿನಕ್ಕೆ ಲೀಟರಿಗೆ 3 ಮಿಲಿಗ್ರಾಂ ಮೀರುತ್ತದೆ. ಹೊರಗಿನ ಟ್ಯಾಂಕಿಯಲ್ಲಿ ಅದನ್ನು ತಿಂದು ಮುಗಿಸುವ ಬ್ಯಾಕ್ಟೀರಿಯಾ ಗೋಡೆಯ ಪಾಚಿಯಲ್ಲಿ, ಕಲ್ಲಿನ ಮೇಲೆ ಕೂತಿರುತ್ತವೆ, ನೀರಿನಲ್ಲಲ್ಲ. ಹಳೇ ನೀರನ್ನೇ ಹೊತ್ತು ತಂದರೂ ಅವು ಬರುವುದಿಲ್ಲ. ಹೊಸ ಫಿಲ್ಟರಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು, ಪಿಎಚ್ 6ಕ್ಕಿಳಿದರೆ ಕೆಲಸ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಹುಳಿ ನೀರಿನಲ್ಲಿ ಅಮೋನಿಯ ಬಹುಪಾಲು ಅಮೋನಿಯಂ ರೂಪದಲ್ಲಿ, ಅಷ್ಟೇನೂ ಕೇಡಿಲ್ಲದೆ ಇರುತ್ತದೆ. ಪಿಎಚ್ ಒಂದು ಅಂಕ ಏರಿದರೆ ವಿಷರೂಪದ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. ಸೋಡ ಒಂದೇ ರಾತ್ರಿಯಲ್ಲಿ ಎರಡು ಅಂಕ ಏರಿಸಿತು, ಲೆಕ್ಕ ನೀವೇ ಹಾಕಿ. ವೀಳ್ಯದ ಸುಣ್ಣ ಹಾಕುವವರೂ ಇದ್ದಾರೆ, ಅದು ಇದಕ್ಕಿಂತ ಕೆಟ್ಟದ್ದು.

ಅಮೋನಿಯ ಆಗಲೇ ಏರಿದ್ದರೆ ಪಿಎಚ್ ಮುಟ್ಟಬೇಡಿ. ಊಟ ನಿಲ್ಲಿಸಿ, ಅದೇ ಬಾವಿಯ ನೀರಿನಿಂದ ಅರ್ಧ ಬದಲಿಸಿ, ಮರುದಿನ ಮತ್ತೆ ಅರ್ಧ. ಅಮೋನಿಯ ಇಳಿದ ಮೇಲೆ ಕಡಲ ಚಿಪ್ಪನ್ನು ತೊಳೆದು ಜಜ್ಜಿ, ಬಲೆಚೀಲದಲ್ಲಿ ಎರಡು ಹಿಡಿ ಕಟ್ಟಿ ಫಿಲ್ಟರಿನ ಹತ್ತಿರ ಇಳಿಬಿಡಿ. ನೀರು ಹುಳಿಯಾದಷ್ಟೇ ಅದು ಕರಗುತ್ತದೆ, ಸೋಡ ಹಾಕಿದ ಹಾಗೆ ಪಿಎಚ್ ಒಮ್ಮೆಲೇ ನೆಗೆಯುವುದಿಲ್ಲ.

ನೀರು ಬದಲಿಸುವ ಮೊದಲು ಬಾವಿಗೆ ಬ್ಲೀಚಿಂಗ್ ಪೌಡರ್ ಬಿದ್ದಿದೆಯೇ ಎಂದು ಮನೆಯವರನ್ನು ಕೇಳಿ. ಮಳೆಗಾಲದಲ್ಲಿ 1000 ಲೀಟರಿಗೆ ಎರಡೂವರೆ ಗ್ರಾಂ ಲೆಕ್ಕದಲ್ಲಿ ಹಾಕುವುದು ವಾಡಿಕೆ. ಕುಡಿಯುವವರಿಗೆ ಒಳ್ಳೆಯದು, ಮೀನಿಗೂ ಫಿಲ್ಟರಿನ ಬ್ಯಾಕ್ಟೀರಿಯಾಕ್ಕೂ ಅಲ್ಲ. ಅಂಥ ನೀರನ್ನು ಬಾಲ್ದಿಯಲ್ಲಿ ಎರಡು ದಿನ ಏರ್ ಪಂಪಿನ ಗಾಳಿಕಲ್ಲು ಹಾಕಿಟ್ಟು ಬಳಸಿ. ಫಿಲ್ಟರಿನ ಸ್ಪಂಜನ್ನು ನಲ್ಲಿಯಡಿ ತೊಳೆಯುವುದೂ ಬೇಡ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಒಮ್ಮೆ ಹಿಂಡಿದರೆ ಸಾಕು.

ನಿಜವಾದ ತಯಾರಿ ಶುರುವಾಗಬೇಕಾದದ್ದು ಏಪ್ರಿಲ್ ಮಧ್ಯದಲ್ಲಿ. ಏರ್ ಪಂಪಿನ ಸ್ಪಂಜ್ ಫಿಲ್ಟರ್ ಎರಡನ್ನು ಹೊರಗಿನ ಟ್ಯಾಂಕಿಯಲ್ಲೇ ಆರು ವಾರ ಓಡಿಸಿ. ಮೀನು ತರುವ ದಿನ ಅವನ್ನು ಹಿಂಡದೆ, ಟ್ಯಾಂಕಿಯ ನೀರಿನಲ್ಲಿ ಮುಳುಗಿಸಿ ತಂದು ತಕ್ಷಣ ಚಾಲೂ ಮಾಡಿ. ಹಿಂದಿನ ದಿನ ಊಟ ಬೇಡ. ಐದಿಂಚಿನ ಮೀನೊಂದಕ್ಕೆ 40 ಲೀಟರಾದರೂ ಬೇಕು. ಒಂಬತ್ತಿದ್ದರೆ ಗಾಜಿನ ಆಸೆ ಬಿಟ್ಟು ಜಗಲಿಯಲ್ಲಿ 500 ಲೀಟರಿನ ಪ್ಲಾಸ್ಟಿಕ್ ಟ್ಯಾಂಕಿ ಇಡುವುದೇ ಮೇಲು. ಅದು ಸಿಗಲಿಲ್ಲವೆಂದು ಮೈಲುತುತ್ತು ಕಲಸಿದ ಡ್ರಮ್ಮನ್ನು ಎಷ್ಟು ಉಜ್ಜಿದ ಮೇಲೂ ಬಳಸಬೇಡಿ.

ಕರೆಂಟು ಹೋಗುವುದು ಹೇಗೂ ಗ್ಯಾರಂಟಿ, ಬ್ಯಾಟರಿಯ ಏರ್ ಪಂಪ್ ಒಂದಿರಲಿ. ಗಂಟೆಗಟ್ಟಲೆ ನಿಂತ ಮುಚ್ಚಿದ ಫಿಲ್ಟರಿನೊಳಗೆ ನೀರು ಕೊಳೆಯುತ್ತದೆ. ಕರೆಂಟು ಬಂದಾಗ ಆ ನೀರು ಚೆಲ್ಲಿಯೇ ಚಾಲೂ ಮಾಡಿ.

ಎರಡನೇ ಮದ್ದು 40–45 ದಿನದ ಮೇಲೆ, ಆಟಿಯ (ಜುಲೈ ಮಧ್ಯಕ್ಕೆ ಶುರುವಾಗುವ ತುಳು ತಿಂಗಳು) ಆಸುಪಾಸಿಗೆ. ಎಲೆಗೆ ಹತ್ತಿದ್ದು ಮಳೆಗೆ ತೊಳೆದು ಟ್ಯಾಂಕಿಗೆ ತೊಟ್ಟಿಕ್ಕುತ್ತಲೇ ಇರುತ್ತದೆ, ಆದ್ದರಿಂದ ಎರಡರ ನಡುವೆ ಮೀನು ಹೊರಗೆ ಬಿಡುವ ಅವಸರ ಬೇಡ. ಮಳೆ ಬಿಟ್ಟ ಮೇಲೆ ಟ್ಯಾಂಕಿ ಪೂರ್ತಿ ಖಾಲಿ ಮಾಡಿ, ತಳದ ಕೆಸರು ತೆಗೆದು, ಹೊಸ ನೀರು ತುಂಬಿಸಿ. ಅದೇ ಸ್ಪಂಜುಗಳು ಮೀನಿನ ಜೊತೆ ಹೊರಗೆ ಹೋಗಲಿ.