ವಿನ್ನಿಪೆಗ್ ಚಳಿಗೆ ಮಕ್ಕಳ ಕಾಮಿಕ್ ಬೂಟು

ಮೈಸೂರಿನ ಕಡೆಯಿಂದ ಕೆನಡಾದ ವಿನ್ನಿಪೆಗ್‌ಗೆ ಮಕ್ಕಳ ಜೊತೆ ಬರುವವರು ಜಾಕೆಟ್‌ಗಿಂತ ಮೊದಲು ಬೂಟಿನ ಬಗ್ಗೆ ಯೋಚಿಸಿ. ಇಲ್ಲಿ ಜನವರಿಯಲ್ಲಿ ಮೈನಸ್ 20 ಮಾಮೂಲು, ಆ ಚಳಿಯಲ್ಲೂ ಶಾಲೆಯವರು ಮಕ್ಕಳನ್ನು ಆಟಕ್ಕೆ ಹೊರಗೆ ಬಿಡುತ್ತಾರೆ. ನಾವು ಮಗಳಿಗೆ ಕೊಂಡಿದ್ದು ಕಾಮಿಕ್ (Kamik) ಎಂಬ ಕಂಪನಿಯ, ಲೈನರ್ ಅಂದರೆ ಒಳಗಿನ ಬೆಚ್ಚನೆಯ ಪದರ ತೆಗೆಯಬಹುದಾದ ಬೂಟು. ಈ ಲೈನರ್ ಇದೆಯಲ್ಲ, ಅದೇ ದೊಡ್ಡ ವಿಷಯ. ಹಿಮದಲ್ಲಿ ಆಡಿ ಬಂದ ಮಗುವಿನ ಕಾಲು ಬೆವರಿರುತ್ತದೆ, ಮೇಲಿಂದ ಒಂದಿಷ್ಟು ಹಿಮವೂ ಒಳಗೆ ಹೋಗಿರುತ್ತದೆ, ರಾತ್ರಿ ಲೈನರ್ ಹೊರಗೆಳೆದು ಹೀಟರ್‌ನಿಂದ ಸ್ವಲ್ಪ ದೂರ ಇಟ್ಟರೆ ಬೆಳಿಗ್ಗೆ ಶಾಲೆ ಹೊತ್ತಿಗೆ ಒಣಗಿರುತ್ತದೆ. ಒದ್ದೆ ಬೂಟು ಎಷ್ಟು ದಪ್ಪ ಇದ್ದರೂ ಕಾಲು ಮರಗಟ್ಟುತ್ತದೆ. ಕೆಳಭಾಗ ರಬ್ಬರ್, ಹಾಗಾಗಿ ಏಪ್ರಿಲ್‌ನಲ್ಲಿ ಹಿಮ ಕರಗಿದ ಕೆಸರಿಗೂ ಆಗುತ್ತದೆ.

ಸೈಜ್ ಟೈಟ್ ತಗೋಬೇಡಿ. ಉಣ್ಣೆ ಕಾಲುಚೀಲ ಹಾಕಿದ ಮೇಲೂ ಬೆರಳು ಆಡಬೇಕು, ಒಳಗೆ ಗಾಳಿಗೆ ಜಾಗ ಇದ್ದರೇ ಬೆಚ್ಚಗೆ. ನಾವು ಕೊಂಡ ಅಂಗಡಿಯಲ್ಲಿ ಬಿಡಿ ಲೈನರ್ ಇರಲಿಲ್ಲ, ಕೇಳಿದರೆ ಸರಿಯಾದ ಉತ್ತರವನ್ನೂ ಕೊಡಲಿಲ್ಲ, ಅದು ಬೇಜಾರಾಯಿತು. ಊರಿನಲ್ಲೇ ಬೂಟು ಕೊಂಡು ಸೂಟ್‌ಕೇಸ್ ತುಂಬಿಸಬೇಡಿ, ಸುಮ್ನೆ ದುಡ್ಡು ದಂಡ. ಇಲ್ಲಿಗೆ ಬಂದು ಮಗುವಿನ ಕಾಲಿಗೆ ಹಾಕಿ ನೋಡಿಯೇ ಕೊಳ್ಳಿ, ಅದೂ ಅಕ್ಟೋಬರ್ ಮುಗಿಯುವ ಮೊದಲು, ಆಮೇಲೆ ಸಣ್ಣ ಸೈಜ್ ಸಿಗುವುದು ಕಷ್ಟ.