ಶೋರೂಮು, ಸರ್ಕಲ್ ಗ್ಯಾರೇಜು, ಮನೆ ಅಂಗಳ: ಆಯಿಲ್ ಚೇಂಜ್ ಎಲ್ಲಿ ವಾಸಿ?

ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಗೋಣಿಚೀಲ ಹಾಸಿ ಬೈಕು ನಿಲ್ಲಿಸಿದೆ ಅಂದ್ರೆ ಸಾಕು, ಎದುರು ಮನೆಯ ಯಜಮಾನರು ಕಾಂಪೌಂಡಿನ ಮೇಲಿಂದಲೇ ಕೇಳುತ್ತಾರೆ: "ಏನ್ರೀ, ಬೆಳಿಗ್ಗೆ ಬೆಳಿಗ್ಗೇನೇ ಎಣ್ಣೆನಾ?" ಮೂರು ವರ್ಷದಿಂದ ಇದೊಂದೇ ಜೋಕು. ನಾನೂ ಪ್ರತಿ ಸಲ ನಗುತ್ತೇನೆ.

ನನ್ನದು 2016ರ ಸ್ಪ್ಲೆಂಡರ್ ಪ್ಲಸ್. ದಾವಣಗೆರೆ ಎ.ಪಿ.ಎಂ.ಸಿ.ಯಲ್ಲಿ ಮೆಕ್ಕೆಜೋಳದ ದಲ್ಲಾಳಿ ಅಂಗಡಿಯ ಲೆಕ್ಕ ಬರೆಯುವ ಕೆಲಸ. ದಿನಾ ನಿಟ್ಟುವಳ್ಳಿಯಿಂದ ಮಾರ್ಕೆಟ್ಟಿಗೆ, ವಾರಕ್ಕೊಮ್ಮೆ ಚನ್ನಗಿರಿ ಕಡೆ ಊರಿಗೆ. ತಿಂಗಳಿಗೆ ಒಂಬೈನೂರು ಕಿಲೋಮೀಟರು ಆಗುತ್ತದೆ. ಲೆಕ್ಕ ಬರೆಯೋನ ಚಟ ನೋಡಿ, ಬೈಕಿಗೂ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಎಷ್ಟು ಪೆಟ್ರೋಲು, ಯಾವಾಗ ಆಯಿಲು, ಯಾರು ಹಾಕಿದ್ದು, ಎಷ್ಟು ಕೊಟ್ಟೆ, ಎಲ್ಲಾ ಅದರಲ್ಲಿದೆ. ಮುಂದೆ ಬರೆದಿರೋದೆಲ್ಲ ಆ ಪುಸ್ತಕದಿಂದ ತೆಗೆದದ್ದು.

ಮೊದಲು ಶೋರೂಮು. ವಾರಂಟಿ ಇರೋವರೆಗೆ ಅಲ್ಲೇ ಮಾಡಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಕಂಪನಿ ಹೇಳಿದ ಆಯಿಲೇ ಬೀಳುತ್ತದೆ, ಬಿಲ್ಲು ಬರುತ್ತದೆ, ಪುಸ್ತಕದಲ್ಲಿ ಸೀಲು ಬೀಳುತ್ತದೆ. ಆಮೇಲೂ ಎರಡು ವರ್ಷ ಅಲ್ಲೇ ಬಿಟ್ಟೆ. ಕಷ್ಟ ಏನಂದ್ರೆ ಬೆಳಿಗ್ಗೆ ಒಂಬತ್ತಕ್ಕೆ ಬಿಟ್ಟರೆ ಸಂಜೆ ಐದರವರೆಗೆ ಗಾಡಿ ನಮ್ಮದಲ್ಲ. ಆಯಿಲ್ ಒಂದಕ್ಕೇ ಹೋದರೂ ಬಿಲ್ಲಿನಲ್ಲಿ ಚೈನ್ ಕ್ಲೀನಿಂಗು, ವಾಟರ್ ವಾಶು ಅಂತ ನಾಲ್ಕು ಸಾಲು ಜಾಸ್ತಿ ಇರುತ್ತಿತ್ತು.

ಒಂದು ಸಲ ಅಲ್ಲಿಗೆ ಹೋಗಿ ಜಗಳವನ್ನೇ ಆಡಿದೆ. ಸರ್ವೀಸ್ ಆದ ಮರುದಿನ ಬೆಳಿಗ್ಗೆ ಮಟ್ಟ ಅಳೆಯುವ ಕಡ್ಡಿ ತೆಗೆದು ನೋಡಿದರೆ ಆಯಿಲು ಕೆಳಗಿನ ಗೆರೆಗೂ ಮುಟ್ಟಿಲ್ಲ! ಬಿಲ್ಲಿನಲ್ಲಿ ಮಾತ್ರ ಪೂರ್ತಿ 900 ಎಂ.ಎಲ್. ಇದೆ. ಸೀದಾ ಹೋಗಿ ಕೂಗಾಡಿದೆ. ಅಲ್ಲಿದ್ದ ಹುಡುಗ ಒಂದು ಮಾತೂ ಆಡಲಿಲ್ಲ. ಸೈಡ್ ಸ್ಟ್ಯಾಂಡಿನಲ್ಲಿದ್ದ ಬೈಕನ್ನು ಎತ್ತಿ ನಡು ಸ್ಟ್ಯಾಂಡಿಗೆ ಹಾಕಿದ. ಕಡ್ಡಿ ಒರೆಸಿದ, ತಿರುಗಿಸದೆ ಸುಮ್ನೆ ತೂತಿನ ಮೇಲೆ ಕೂರಿಸಿ ತೆಗೆದ. ಆಯಿಲು ಮೇಲಿನ ಗೆರೆಯಲ್ಲಿತ್ತು. ಈ ಬೈಕಿನ ಕಡ್ಡಿ ಇರೋದು ಬಲಗಡೆ. ಸೈಡ್ ಸ್ಟ್ಯಾಂಡ್ ಹಾಕಿದರೆ ಗಾಡಿ ಎಡಕ್ಕೆ ವಾಲುತ್ತದೆ, ಆಯಿಲೂ ಎಡಕ್ಕೇ ಹೋಗಿ ಕೂರುತ್ತದೆ. ಹತ್ತು ಜನರ ಮುಂದೆ ಅವತ್ತು ನನ್ನ ಮುಖ ಹೇಗಾಗಿತ್ತೋ ಏನೋ. ಅವತ್ತಿಂದಲೇ ಕೈಪಿಡಿ ಓದೋಕೆ ಶುರು ಮಾಡಿದ್ದು.

ಎರಡನೇದು ಸರ್ಕಲ್ ಗ್ಯಾರೇಜು. ದಾವಣಗೆರೆಯಲ್ಲಿ ಇದಕ್ಕೆ ಬರವಿಲ್ಲ, ಎರಡು ಸರ್ಕಲ್ಲಿಗೊಂದು ಸಿಗುತ್ತದೆ. ಹದಿನೈದು ನಿಮಿಷದ ಕೆಲಸ. ಪಕ್ಕದಲ್ಲಿ ಒಂದು ಪ್ಲೇಟ್ ಮಂಡಕ್ಕಿ, ಎರಡು ಮೆಣಸಿನಕಾಯಿ ತಿಂದು ಬರೋದರೊಳಗೆ ಗಾಡಿ ರೆಡಿ. ಕೂಲಿ ಐವತ್ತೋ ಅರವತ್ತೋ. ಕಣ್ಣೆದುರಿಗೇ ಆಗುತ್ತದೆ ಅನ್ನೋದು ದೊಡ್ಡ ಗುಣ. ಆದರೆ ಮೆಣಸಿನಕಾಯಿ ತಿನ್ನೋಕೆ ಹೋದರೆ ಕಣ್ಣೆದುರಿಗೆ ಹೇಗಾಗುತ್ತದೆ ಹೇಳಿ?

ಇಲ್ಲಿ ಎರಡು ಎಚ್ಚರಿಕೆ ಬೇಕು. ಒಂದು, ಲೂಸ್ ಆಯಿಲು. ಡ್ರಮ್ಮಿನಿಂದ ಜಗ್ಗಿನಲ್ಲಿ ಹಿಡಿದು ಸುರಿಯುವ ಆಯಿಲಿನ ಗ್ರೇಡು ಯಾವುದು ಅಂತ ನಮಗೆ ಹೇಗೆ ಗೊತ್ತಾಗಬೇಕು? ಡಬ್ಬಿ ನಾವೇ ತಗೊಂಡು ಹೋಗಿ, ಸೀಲು ನಾವೇ ಒಡೆಯೋದು ಒಳ್ಳೇದು. ಖಾಲಿ ಡಬ್ಬಿಯನ್ನೂ ಅಲ್ಲಿ ಬಿಡಬೇಡಿ. ಒಳ್ಳೆ ಹೆಸರಿನ ಖಾಲಿ ಡಬ್ಬಿಗೆ ಕೆಟ್ಟ ಆಯಿಲು ತುಂಬಿ ಮಾರುವವರಿದ್ದಾರೆ. ನಾನು ಡಬ್ಬಿಯ ಹೊಟ್ಟೆ ಕೊಯ್ದೇ ಎಸೆಯೋದು.

ಎರಡನೇದು ಬೋಲ್ಟು. ಒಂದು ಗ್ಯಾರೇಜಿನ ಹುಡುಗ, ಹೊಸಬ ಪಾಪ, ಹಳೇ ಆಯಿಲು ಇಳಿಸುವ ತಳದ ಡ್ರೈನ್ ಬೋಲ್ಟನ್ನು ಉದ್ದ ಹಿಡಿಯ ಸ್ಪ್ಯಾನರ್ ಹಾಕಿ, ಮೇಲೆ ಕಾಲಿಟ್ಟು ಟೈಟ್ ಮಾಡಿದ. ಬೋಲ್ಟು ಉಕ್ಕು, ಇಂಜಿನ್ನಿನ ತಳ ಅಲ್ಯೂಮಿನಿಯಂ. ಸೋಲೋದು ಯಾವಾಗಲೂ ಅಲ್ಯೂಮಿನಿಯಮ್ಮೇ. ಥ್ರೆಡ್ ಹೋಯಿತು. ಮೂರು ದಿನ ಅಂಗಳದಲ್ಲಿ ಬೈಕು ನಿಂತ ಕಡೆಯೆಲ್ಲ ರೂಪಾಯಿ ಅಗಲದ ಕಪ್ಪು ಕಲೆ. "ರೀ, ರಂಗೋಲಿ ನಾನು ಹಾಕ್ಲೋ, ನಿಮ್ ಗಾಡಿ ಹಾಕುತ್ತೋ?" ಅಂತ ಮನೆಯವಳು ಕೇಳಿದಳು. ಲೇತ್ ಅಂಗಡಿಗೆ ಹೋಗಿ ತೂತು ದೊಡ್ಡದು ಮಾಡಿಸಿ, ಹೊಸ ಥ್ರೆಡ್ ಹೊಡೆಸಿ, ದಪ್ಪ ಬೋಲ್ಟು ಹಾಕಿಸೋದರೊಳಗೆ ಮೂರು ಸಲ ಆಯಿಲ್ ಚೇಂಜ್ ಮಾಡಿಸುವಷ್ಟು ದುಡ್ಡು ಹೋಯಿತು.

ಹೀಗಾಗಿ ಮೂರನೇದಕ್ಕೆ ಬಂದೆ, ಮನೆ ಅಂಗಳ.

ಬೇಕಾದದ್ದು ಜಾಸ್ತಿ ಏನಿಲ್ಲ. ಬೋಲ್ಟಿನ ತಲೆಗೆ ಸರಿಯಾಗಿ ಕೂರುವ ರಿಂಗ್ ಸ್ಪ್ಯಾನರ್ ಒಂದು. ಬಾಯಿ ತೆರೆದ ಸ್ಪ್ಯಾನರ್ ಬೇಡ, ಬೋಲ್ಟಿನ ಮೂಲೆ ತಿನ್ನುತ್ತದೆ. ಒಂದು ಫನಲ್ಲು, ಹಳೇ ಬನಿಯನ್ನು, ಹೊಸ ವಾಷರ್ರು. ಈ ಬೈಕಿಗೆ ಪೇಪರ್ ಫಿಲ್ಟರ್ ಇಲ್ಲ. ಒಳಗೆ ತಿರುಗುವ ಫಿಲ್ಟರ್ ಮತ್ತು ಒಂದು ಜಾಲರಿ ಇದೆ. ಅದನ್ನು ತೊಳೆಯೋಕೆ ಬಲಗಡೆಯ ಕವರ್ ಬಿಚ್ಚಬೇಕು. ಅದು ಮನೆ ಕೆಲಸ ಅಲ್ಲ, ವರ್ಷಕ್ಕೋ ಎರಡು ವರ್ಷಕ್ಕೋ ಗ್ಯಾರೇಜಿನಲ್ಲೇ ಮಾಡಿಸುತ್ತೇನೆ.

ಹಳೇ ಆಯಿಲು ಹಿಡಿಯೋಕೆ ಏನಿಡಬೇಕು ಅನ್ನೋದರಲ್ಲೇ ನನಗೆ ಮೂರು ಭಾನುವಾರ ಹೋಯಿತು. ಮೊದಲು ಗಾರೆ ಕೆಲಸದ ಬಾಂಡ್ಲಿ ಇಟ್ಟೆ. ಅಗಲ ಚೆನ್ನಾಗಿದೆ, ಒಂದು ಹನಿ ಹೊರಗೆ ಬೀಳಲ್ಲ. ಆದರೆ ಅದರಿಂದ ಡಬ್ಬಿಗೆ ಸುರಿಯೋವಾಗ ಅರ್ಧ ನೆಲಕ್ಕೆ. ಆಮೇಲೆ ಪ್ಲಾಸ್ಟಿಕ್ ಬೇಸನ್ನು. ಅದು ಎತ್ತರ ಜಾಸ್ತಿ, ಸೈಲೆನ್ಸರಿಗೆ ತಾಗಿ ಅಂಚು ಕರಗಿತು. ಕೊನೆಗೆ ಗೆದ್ದದ್ದು ಅಡುಗೆ ಎಣ್ಣೆಯ ಐದು ಲೀಟರ್ ಕ್ಯಾನು. ಅದನ್ನು ಅಡ್ಡ ಮಲಗಿಸಿ ಮೇಲಿನ ಹೊಟ್ಟೆ ಕತ್ತರಿಸಿ. ಮುಚ್ಚಳ ಹಾಗೇ ಇರಲಿ. ಆಯಿಲು ಬಿದ್ದ ಮೇಲೆ ಮುಚ್ಚಳ ತೆಗೆದು ಆ ಬಾಯಿಂದಲೇ ಬಾಟಲಿಗೆ ಬಗ್ಗಿಸಬಹುದು. ಖರ್ಚು ಸೊನ್ನೆ.

ಗಾಡಿಯನ್ನು ಮೂರ್ನಾಲ್ಕು ನಿಮಿಷ ಸ್ಟಾರ್ಟ್ ಮಾಡಿ ಬಿಡುತ್ತೇನೆ. ಬಿಸಿ ಆಯಿಲು ನೀರಿನ ಹಾಗೆ ಇಳಿಯುತ್ತದೆ, ಹೊಲಸನ್ನೂ ಎಳೆದುಕೊಂಡು ಬರುತ್ತದೆ. ಜಾಸ್ತಿ ಬಿಸಿ ಆದರೆ ಕೈ ಸುಡುತ್ತದೆ, ನೋಡಿಕೊಳ್ಳಿ. ನಡು ಸ್ಟ್ಯಾಂಡು, ಕಡ್ಡಿ ಬಿಚ್ಚೋದು, ಕೆಳಗೆ ಕ್ಯಾನು, ಆಮೇಲೆ ಬೋಲ್ಟು. ಬೋಲ್ಟಿನ ಕಡೆಗೇ ಮುಖ ಮಾಡಿ ನೋಡಿದರೆ ಗಡಿಯಾರದ ಎದುರು ದಿಕ್ಕಿಗೆ ತಿರುಗಬೇಕು. ಮೇಲಿಂದ ಬಗ್ಗಿ ಕೈ ಹಾಕಿದರೆ ಎಡ ಬಲ ಅದಲು ಬದಲಾಗುತ್ತದೆ. ಮೊದಲ ಸಲ ನಾನು ಐದು ನಿಮಿಷ ಬಿಚ್ಚುತ್ತಿದ್ದೇನೆ ಅಂದುಕೊಂಡು ಟೈಟ್ ಮಾಡುತ್ತಿದ್ದೆ.

ಕೊನೆಯ ಎರಡು ಸುತ್ತು ಬೆರಳಲ್ಲೇ ಬಿಚ್ಚಬೇಕು. ಆಗ ಬೋಲ್ಟಿನ ಸುತ್ತ ಮೊದಲು ಒಂದು ಕಪ್ಪು ಉಂಗುರ ಕಾಣುತ್ತದೆ. ಆಮೇಲೆ ಬೆರಳಿನ ಸಂದಿಯಿಂದ ಬೆಚ್ಚಗೆ ಒಂದು ಎಳೆ ಮೊಣಕೈವರೆಗೆ ಇಳಿಯುತ್ತದೆ. ಕೈ ಸರಕ್ಕನೆ ತೆಗೆದರೆ ಹೆಬ್ಬೆರಳು ದಪ್ಪದ ಧಾರೆ. ಒಂದೇ ನಿಮಿಷದಲ್ಲಿ ಅದು ನೂಲಾಗುತ್ತದೆ, ಆಮೇಲೆ ಹನಿ. ಹತ್ತು ನಿಮಿಷ ಹಾಗೇ ಬಿಡಿ. ಕೀ ಆಫ್ ಇಟ್ಟು ಎರಡು ಮೂರು ಕಿಕ್ ಹೊಡೆದರೆ ಒಳಗೆ ಉಳಿದದ್ದೂ ಬರುತ್ತದೆ.

ಆಗ ಒಂದು ಹನಿಯನ್ನು ಬೆರಳಲ್ಲಿ ಉಜ್ಜಿ ಬಿಸಿಲಿಗೆ ಹಿಡಿಯುತ್ತೇನೆ. ಕಪ್ಪಾಗಿರೋದು ರೋಗ ಅಲ್ಲ. ಮಸಿಯನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳೋದೇ ಆಯಿಲಿನ ಕೆಲಸ. ಬೆಳ್ಳಗೆ ಮಜ್ಜಿಗೆ ತರಹ ಕಂಡರೆ ನೀರು ಸೇರಿದೆ ಅಂತ. ಮಿರಮಿರ ಲೋಹದ ಪುಡಿ ಜಾಸ್ತಿ ಕಂಡರೆ ಮೆಕ್ಯಾನಿಕ್ ಹತ್ತಿರ ಓಡಬೇಕು. ಇದನ್ನು ಶೋರೂಮಿನಲ್ಲಿ ಯಾರೂ ನನಗೆ ತೋರಿಸಿರಲಿಲ್ಲ, ಗ್ಯಾರೇಜಿನಲ್ಲಿ ನಾನೇ ನೋಡಿರಲಿಲ್ಲ. ಮನೆಯಲ್ಲಿ ಮಾಡೋದಕ್ಕೆ ನನಗಿರುವ ದೊಡ್ಡ ಕಾರಣ ಇದೇ. ದುಡ್ಡು ಉಳಿಯುತ್ತದೆ ಅನ್ನೋದು ಅಷ್ಟೇನೂ ನಿಜ ಅಲ್ಲ. ಗ್ಯಾರೇಜಿಗೆ ಹೋಲಿಸಿದರೆ ಉಳಿಯೋದು ಐವತ್ತು ರೂಪಾಯಿ. ಕೈ ತೊಳೆಯೋ ಸೋಪಿಗೇ ಅದರಲ್ಲಿ ಕಾಲು ಭಾಗ ಹೋಗುತ್ತದೆ.

ಬೋಲ್ಟು ವಾಪಸ್ ಹಾಕುವಾಗ ಮೊದಲು ಬೆರಳಲ್ಲೇ ಪೂರ್ತಿ ತಿರುಗಿಸಿ. ಆಮೇಲೆ ಸ್ಪ್ಯಾನರನ್ನು ಬೋಲ್ಟಿಗೆ ಹತ್ತಿರ ಹಿಡಿದು ಮಣಿಕಟ್ಟಿನ ಬಲದಲ್ಲಿ ಬಿಗಿ ಮಾಡಿ. ಭುಜದ ಬಲ ಬೇಡ. ಆಯಿಲು ಹಾಕಿ, ಎರಡು ನಿಮಿಷ ಇಂಜಿನ್ ಓಡಿಸಿ, ಆಫ್ ಮಾಡಿ, ಎರಡು ನಿಮಿಷ ಕಾದು ಕಡ್ಡಿ ನೋಡಿ. ನಡು ಸ್ಟ್ಯಾಂಡಿನಲ್ಲಿ! ಮೊದಲ ಸಲ ನನಗೆ ಒಂದೂ ಮುಕ್ಕಾಲು ಗಂಟೆ ಹಿಡಿಯಿತು. ಈಗ ಅರ್ಧ ಗಂಟೆ ಸಾಕು.

ಇನ್ನು ಯಾವ ಆಯಿಲು ಅನ್ನೋದು. ಮೂರು ಥರ ಹಾಕಿ ನೋಡಿದ್ದೇನೆ. ಕಂಪನಿ ಹೇಳುವ 10ಡಬ್ಲ್ಯೂ30 ಸಾದಾ ಆಯಿಲು, ಡಬ್ಬಿಗೆ ನಾನೂರರ ಆಸುಪಾಸು. "ದಾವಣಗೆರೆ ಬಿಸಿಲಿಗೆ ದಪ್ಪ ಆಯಿಲೇ ಬೇಕು ಸಾರ್" ಅಂತ ಒಬ್ಬರು ಹೇಳಿದ್ದಕ್ಕೆ 20ಡಬ್ಲ್ಯೂ40. ಆಮೇಲೆ ಬೋನಸ್ ಬಂದ ತಿಂಗಳು ಒಂದು ಫುಲ್ ಸಿಂಥೆಟಿಕ್, ಹೆಚ್ಚು ಕಡಿಮೆ ಎರಡರಷ್ಟು ಬೆಲೆ.

ಡಬ್ಲ್ಯೂ ಅಂದ್ರೆ ಚಳಿಗಾಲ. ಅದರ ಎಡಗಡೆಯ ಅಂಕಿ ಚಳಿಯಲ್ಲಿ ಆಯಿಲು ಎಷ್ಟು ಸಲೀಸಾಗಿ ಹರಿಯುತ್ತದೆ ಅಂತ ಹೇಳುತ್ತದೆ, ಬಲಗಡೆಯದು ಇಂಜಿನ್ ಕಾದಾಗ ಎಷ್ಟು ದಪ್ಪ ಉಳಿಯುತ್ತದೆ ಅಂತ. ದಪ್ಪ ಆಯಿಲು ಹಾಕಿದಾಗ ಡಿಸೆಂಬರಿನ ಬೆಳಿಗ್ಗೆ ಕಿಕ್ ಗಟ್ಟಿ ಅನ್ನಿಸಿತು. ನನ್ನ ಪುಸ್ತಕದ ಪ್ರಕಾರ ಮೈಲೇಜು 62ರಿಂದ 59ಕ್ಕೆ ಇಳಿಯಿತು. ಸದ್ದು ಮಾತ್ರ ಸ್ವಲ್ಪ ಮೆತ್ತಗಾಯಿತು. ಸಿಂಥೆಟಿಕ್ಕಿನಲ್ಲಿ ಗೇರು ಬೆಣ್ಣೆಯ ಹಾಗೆ ಬೀಳುತ್ತಿತ್ತು, ಸುಳ್ಳು ಹೇಳಬಾರದು. ಮೈಲೇಜು 63. ಒಂದು ಕಿಲೋಮೀಟರಿಗಾಗಿ ಅಷ್ಟು ದುಡ್ಡು ಕೊಡೋಕೆ ನನ್ನ ಕೈ ಬರಲಿಲ್ಲ. ಹೆದ್ದಾರಿಯಲ್ಲಿ ದಿನಾ ನೂರು ಕಿಲೋಮೀಟರು ಓಡಿಸೋರ ಲೆಕ್ಕ ಬೇರೆ. ನಾನು ಸಾದಾ 10ಡಬ್ಲ್ಯೂ30ಗೇ ವಾಪಸ್ ಬಂದೆ. ಮೆಕ್ಕೆಜೋಳದ ಸೀಸನ್ನಿನಲ್ಲಿ ಮಾರ್ಕೆಟ್ ತುಂಬ ಧೂಳು, ಹೆಜ್ಜೆಹೆಜ್ಜೆಗೂ ಗಾಡಿ ನಿಲ್ಲಿಸಬೇಕು. ಅದಕ್ಕೇ ಕೈಪಿಡಿ ಹೇಳುವ ಗಡುವಿಗೆ ಕಾಯದೆ ಮೂರು ಸಾವಿರಕ್ಕೇ ಬದಲಾಯಿಸುತ್ತೇನೆ.

ನಾಲ್ಕನೇ ಆಯಿಲೂ ಒಂದಿದೆ, ಅದನ್ನು ಹೇಳೋಕೆ ನಾಚಿಕೆ. ಭಾವನ ಕಾರಿಗೆ ತಂದದ್ದರಲ್ಲಿ ಒಂದು ಲೀಟರು ಉಳಿದಿತ್ತು. ದುಬಾರಿ ಆಯಿಲು, ಬೈಕಿಗೆ ಇನ್ನೂ ಒಳ್ಳೇದೇ ಅಲ್ವಾ ಅಂತ ಹಾಕಿಬಿಟ್ಟೆ. ಮನೆಯವಳನ್ನು ಕೂರಿಸಿಕೊಂಡು ಚಿತ್ರದುರ್ಗದ ಕಡೆ ಹೊರಟೆ. ಗಾಳಿಯಂತ್ರಗಳು ಕಾಣೋ ಕಡೆ ಏರು ಸಿಕ್ಕಿತು ನೋಡಿ. ಎಕ್ಸಲರೇಟರ್ ತಿರುಗಿಸಿದರೆ ಇಂಜಿನ್ ಕೂಗುತ್ತದೆ, ಗಾಡಿ ಮುಂದಕ್ಕೆ ಹೋಗಲ್ಲ. ಬೈಕಿನಲ್ಲಿ ಕ್ಲಚ್ ಪ್ಲೇಟುಗಳು ಇಂಜಿನ್ ಆಯಿಲಿನಲ್ಲೇ ಮುಳುಗಿರುತ್ತವೆ. ಕಾರಿನ ಕೆಲವು ಆಯಿಲುಗಳಲ್ಲಿ ಉಜ್ಜಾಟ ಕಡಿಮೆ ಮಾಡುವ ಪದಾರ್ಥ ಸೇರಿಸಿರುತ್ತಾರೆ, ಪ್ಲೇಟು ಜಾರುತ್ತದೆ. ಬೈಕಿನ ಡಬ್ಬಿಯ ಹಿಂದೆ ಜಾಸೋ (ಜಪಾನಿನ ಗುಣಮಟ್ಟದ ಗುರುತು) ಎಂಎ ಅಥವಾ ಎಂಎ2 ಅಂತ ಇರಬೇಕು. ಒಣ ಕ್ಲಚ್ಚಿನ ಗೇರ್‌ಲೆಸ್ ಸ್ಕೂಟರಿಗೆ ಎಂಬಿ.

ಸ್ಕೂಟರ್ ಅಂದಾಗ ನೆನಪಾಯಿತು. ಮನೆಯವಳ ಸ್ಕೂಟರಿಗೂ ಒಂದು ಸಲ ಅಂಗಳದಲ್ಲೇ ಆಯಿಲ್ ಚೇಂಜ್ ಮಾಡಲು ಹೋದೆ. ಬೋಲ್ಟು ಬಿಚ್ಚಿದೆ. ಬಂದದ್ದು ಒಂದು ಲೋಟ, ಅದೂ ಜೇನಿನ ಬಣ್ಣ. ಇಷ್ಟು ಕಮ್ಮಿ, ಇಷ್ಟು ಚೊಕ್ಕ ಹೇಗೆ ಅಂತ ಅನುಮಾನ ಬಂದು ನೋಡಿದರೆ ನಾನು ಖಾಲಿ ಮಾಡಿದ್ದು ಹಿಂದಿನ ಚಕ್ರದ ಹತ್ತಿರದ ಗೇರ್ ಆಯಿಲು! ಅನುಮಾನ ಬರದಿದ್ದರೆ ತುಂಬಿದ ಇಂಜಿನ್ನಿಗೇ ಇನ್ನೊಂದು ಡಬ್ಬಿ ಸುರಿದು, ಒಣ ಗೇರಿನಲ್ಲಿ ಅವಳನ್ನು ಕಳಿಸುತ್ತಿದ್ದೆ. ಅವತ್ತಿಂದ ಸ್ಕೂಟರ್ ಗ್ಯಾರೇಜಿಗೇ ಹೋಗುತ್ತದೆ. ಭಾವನ ಕಾರಿನ ಅಡಿಗಂತೂ ನಾನು ತಲೆ ಹಾಕಲ್ಲ. ಜ್ಯಾಕ್ ನಂಬಿ ಕಾರಿನ ಕೆಳಗೆ ಮಲಗುವಷ್ಟು ಧೈರ್ಯ ನನಗಿಲ್ಲ, ಯಾರಿಗೂ ಇರಬಾರದು.

ಮನೆ ಅಂಗಳ ಸೋಲುವ ಜಾಗ ಒಂದಿದೆ. ಹಳೇ ಆಯಿಲು. ಚರಂಡಿಗೆ ಸುರಿಯುವ ಹಾಗಿಲ್ಲ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಆಯಿಲೂ ಸೇರಿದೆ. ಊರಿನಲ್ಲಿ ಅಪ್ಪಾಜಿ ಕೇಳುತ್ತಾರೆ, ಗೆದ್ದಲಿಗೆ ಬಾಗಿಲ ಚೌಕಟ್ಟಿಗೆ ಬಳಿಯೋಕೆ. ತೋಟದಲ್ಲಿ ಬೋರ್‌ವೆಲ್ ಇದೆ, ಮಣ್ಣಿಗೆ ಇಳಿದರೆ ಕಷ್ಟ ಅಂತ ನಾನು ಕೊಡಲ್ಲ. ಬಾಟಲಿಗಳಲ್ಲಿ ಕೂಡಿಟ್ಟು ನಾಲ್ಕೈದು ತಿಂಗಳಿಗೊಮ್ಮೆ ಸರ್ಕಲ್ ಗ್ಯಾರೇಜಿಗೆ ಒಯ್ಯುತ್ತೇನೆ. ಅವರ ಡ್ರಮ್ಮು ತುಂಬಿದಾಗ ಖರೀದಿಯವರು ಬಂದು ತಗೊಂಡು ಹೋಗುತ್ತಾರೆ.

ಹೋದ ತಿಂಗಳು ಎರಡು ಬಾಟಲಿ ಹಿಡಿದು ನಿಂತಾಗ ಗ್ಯಾರೇಜಿನ ಭಾಯ್ ನನ್ನನ್ನೂ ಬಾಟಲಿಯನ್ನೂ ನೋಡಿದ. "ಏನ್ ಗುಮಾಸ್ತ್ರೇ, ಹೊಸ ಎಣ್ಣೆ ಮನೇಲಿ, ಹಳೇ ಎಣ್ಣೆ ನಮ್ಗಾ?" ಅಂದ. ಅವನ ಟೀ ದುಡ್ಡು ನಾನೇ ಕೊಟ್ಟೆ. ಉಳಿಸಿದ ಐವತ್ತರಲ್ಲಿ ಇನ್ನೊಂದಿಪ್ಪತ್ತು ಹಾಗೆ ಹೋಯಿತು.